ಬ್ಯಾರನ್ನಿನಲ್ಲಿ ಒಣಗಿದ ಬಾಗಿಲುಗಳು

ನಮ್ಮ ಅಡುಗೆಮನೆಯ ಕಪಾಟುಗಳಿಗೆ ಮೊದಲು ಇದ್ದದ್ದು ಕಾಫಿಪುಡಿ ಬಣ್ಣ. ಅಡುಗೆಕಟ್ಟೆಯ ಕೆಳಗೆ ಸಾಲಾಗಿ ಇರುವವು, ಒಲೆಯ ಪಕ್ಕದ ಗೋಡೆಯಲ್ಲಿರುವವು, ಎಲ್ಲದಕ್ಕೂ ಅದೇ. ಮನೆ ಕಟ್ಟಿಸುವಾಗ ಮಾವನವರು ಕೊಳೆ ಕಾಣಬಾರದೆಂದು ಹೊಡೆಸಿದ್ದಂತೆ. ಕೊಳೆಯೇನೋ ಕಾಣಲಿಲ್ಲ. ಒಗ್ಗರಣೆಯ ಜಿಡ್ಡು ಕೂತು ಕೂತು ಕೊನೆಗೆ ಬಾಗಿಲೇ ಕಾಣದ ಹಾಗಾಯಿತು. ಮದುವೆಯಾಗಿ ರಾವಂದೂರಿನ ಹತ್ತಿರದ ಈ ಊರಿಗೆ ಬಂದ ದಿನದಿಂದಲೂ ನನಗೆ ಆ ಬಣ್ಣ ಕಂಡರೆ ಆಗುತ್ತಿರಲಿಲ್ಲ. ಆದರೂ ನಾನು ಬ್ರಷ್ ಹಿಡಿದದ್ದು ಅದಕ್ಕಲ್ಲ, ನಮ್ಮತ್ತೆಯ ಕಣ್ಣಿಗಾಗಿ.

ಸಕ್ಕರೆ ಕಾಯಿಲೆ ಅತ್ತೆಯ ಕಣ್ಣನ್ನು ಸದ್ದಿಲ್ಲದೆ ತಿನ್ನುತ್ತಿತ್ತು. ಹೋದ ದೃಷ್ಟಿ ಮರಳುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಎಷ್ಟು ಹೋಗಿದೆ, ಎಷ್ಟು ಉಳಿದಿದೆ ಎಂಬುದನ್ನು ಮಾತ್ರ ಅತ್ತೆ ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ಕೇಳಿದರೆ "ಕಾಣ್ತದೆ ಬುಡು" ಅನ್ನುವುದೊಂದೇ. ಕಪಾಟಿನ ತೆರೆದ ಬಾಗಿಲಿಗೆ ಹಣೆ ಬಡಿಸಿಕೊಂಡರೆ, ತೆರೆದಿಟ್ಟವಳು ನಾನೆಂದು ನನಗೆ ಮಂಗಳಾರತಿ ಆಗುತ್ತಿತ್ತು. ಒಂದು ಬೆಳಿಗ್ಗೆ ಕೆಳಗಿನ ಕಪಾಟಿನ ಬಾಗಿಲಿಗೆ ಮಂಡಿ ತಗುಲಿ ಮುಗ್ಗರಿಸಿದರು. ಕೈಯಲ್ಲಿದ್ದ ಬಿಸಿ ಸಾರಿನ ಪಾತ್ರೆ ಪಾದದ ಪಕ್ಕದಲ್ಲೇ ಬಿತ್ತು. ಪುಣ್ಯಕ್ಕೆ ಸುಡಲಿಲ್ಲ. ಆದರೆ ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರು ಅದನ್ನು ಕಣ್ಣಾರೆ ನೋಡಿಬಿಟ್ಟರು.

"ಇನ್ಮೇಲೆ ನೀನು ಒಲೆ ತಾವಕ್ಕೆ ಹೋಗ್ಬ್ಯಾಡ ಕಣವ್ವ. ಮಾಡಿಕ್ಕಿದ್ದ ಉಂಡ್ಕಂಡು ಜಗುಲಿ ಮ್ಯಾಲೆ ಕೂತ್ಕೊ," ಎಂದರು.

ಹೆದರಿಕೆಯಿಂದ, ಪ್ರೀತಿಯಿಂದ ಹೇಳಿದ ಮಾತೇ ಅದು. ಅತ್ತೆ ಆವತ್ತು ಉಣ್ಣಲಿಲ್ಲ. ಮಾರನೆಯ ದಿನದಿಂದ ಜಗುಲಿಯ ಮೇಲೆ ಕೂತರು. ಒಳಗೆ ಒಂದು ಸೌಟು ಸದ್ದಾದರೂ ಮುಖ ಈ ಕಡೆ ತಿರುಗುತ್ತಿತ್ತು. ಉಪ್ಪು ಹಾಕಿದೆಯಾ, ಮುದ್ದೆಗೆ ಎಸರು ಕುದಿಯಿತಾ ಎಂದು ಅಲ್ಲಿಂದಲೇ ಕೇಳುತ್ತಿದ್ದವರು ಬರಬರುತ್ತಾ ಅದನ್ನೂ ಬಿಟ್ಟರು. ನನಗೆ ಅವರ ಬೈಗುಳವನ್ನು ತಡೆದುಕೊಳ್ಳುವುದು ಅಭ್ಯಾಸವಾಗಿತ್ತು, ಆ ಮೌನವನ್ನು ತಡೆದುಕೊಳ್ಳಲು ಆಗಲಿಲ್ಲ. ಅವರಿಲ್ಲದ ಅಡುಗೆಮನೆಯಲ್ಲಿ ನಾನು ಮಾಡಿದ ಉಪ್ಸಾರು ನನಗೇ ಸೇರುತ್ತಿರಲಿಲ್ಲ.

ಯಜಮಾನರ ಹತ್ತಿರ ಜಗಳಕ್ಕೇ ನಿಂತೆ. ಕತ್ತಲ ಮೂಲೆಯಲ್ಲಿ ಕತ್ತಲ ಬಣ್ಣ ಬಳಿದಿಟ್ಟು, ಕಾಣುವುದಿಲ್ಲ ಎಂದು ಮುದುಕಿಯನ್ನು ಹೊರಗೆ ಕೂರಿಸುವುದು ಯಾವ ನ್ಯಾಯ ಎಂದೆ. ಬಾಗಿಲುಗಳಿಗೆ ಕಣ್ಣಿಗೆ ಹೊಡೆಯುವಂಥ ಬಣ್ಣ ನಾನೇ ಬಳಿಯುತ್ತೇನೆ, ಆಮೇಲೆ ಅವರು ಒಲೆಯ ಮುಂದೆ ನಿಲ್ಲಬೇಕು ಎಂದೆ. ಮೊದಲು ಬಳಿ, ಆಮೇಲೆ ನೋಡೋಣ ಎಂದರು. ಅಷ್ಟೇ ಸಾಕಿತ್ತು ನನಗೆ.

ಪಿರಿಯಾಪಟ್ಟಣಕ್ಕೆ ಹೋಗಿ ಹಳದಿ ಬಣ್ಣ ತಂದೆ. ಹಳದಿಯೇ ಯಾಕೆಂದರೆ, ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ಬಿಸಿಯಲ್ಲಿ ಬೇಯಿಸಿ ಒಣಗಿಸಿದ ಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಮಾಡುವ ಕೆಲಸದಲ್ಲಿ ಅತ್ತೆಯನ್ನು ಮೀರಿಸುವವರು ಸುತ್ತಲಲ್ಲಿ ಇರಲಿಲ್ಲವಂತೆ. ಎಳೆ ಹಳದಿ ಯಾವುದು, ಕೆಂಪು ತಿರುಗಿದ್ದು ಯಾವುದು, ಹಸಿರು ಉಳಿದುಕೊಂಡದ್ದು ಯಾವುದು ಎಂದು ಎಲೆಯನ್ನು ಬೆಳಕಿಗೆ ಹಿಡಿಯುವ ಮುಂಚೆಯೇ ಹೇಳುತ್ತಿದ್ದರಂತೆ. ಅಂಥವರಿಗೆ ಹಳದಿಗಿಂತ ಹಿಡಿಸುವ ಬಣ್ಣ ಇನ್ನೊಂದಿಲ್ಲ ಎಂದುಕೊಂಡೆ. ಮುಚ್ಚಳದ ಮೇಲೆ ಒಂದಿಷ್ಟು ಸವರಿ ತೋರಿಸಿದಾಗ, ಮುಖದ ಹತ್ತಿರ ಹಿಡಿದು, ಓರೆ ಮಾಡಿ ನೋಡಿ, ಒಳ್ಳೆ ಬಣ್ಣವನ್ನೇ ಆರಿಸಿದ್ದೀಯ ಎಂದರು. ನಾನು ಉಬ್ಬಿಹೋದೆ.

ಕೆಲಸ ಅಂದುಕೊಂಡಷ್ಟು ಸುಲಭದ್ದಾಗಿರಲಿಲ್ಲ. ಫೋನಿನ ವಿಡಿಯೋದಲ್ಲಿ ಒಬ್ಬಾತ ಬಿಳಿ ಅಂಗಿ ಹಾಕಿಕೊಂಡು ಬಾಗಿಲಿಗೆ ಬಣ್ಣ ಬಳಿಯುತ್ತಾನೆ, ಅಂಗಿಗೆ ಒಂದು ಚುಕ್ಕೆ ಬೀಳುವುದಿಲ್ಲ. ಅವನಿಗೆ ನಮ್ಮ ಮನೆಯ ತುಕ್ಕು ಹಿಡಿದ ಸ್ಕ್ರೂ ಕೊಟ್ಟು ನೋಡಬೇಕಿತ್ತು. ಕೊಬ್ಬರಿ ಎಣ್ಣೆ ಬಿಟ್ಟು, ಬೈದು, ಬೇಡಿಕೊಂಡು ಒಂದೊಂದೇ ಬಿಚ್ಚಿದೆ. ಸೋಪಿನ ನೀರಲ್ಲಿ ಜಿಡ್ಡು ತೊಳೆದೆ. ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಉಗುರು ಸವೆಯಿತು, ತಲೆಕೂದಲೆಲ್ಲ ಕಾಫಿಪುಡಿಯಾಯಿತು. ಪ್ರೈಮರ್ ಬಳಿದು, ಅದರ ಮೇಲೆ ಹಳದಿ ಬಳಿದು ಹಿಂದಿನ ಹಜಾರದಲ್ಲಿ ಒರಗಿಸಿದಾಗ ಮಾತ್ರ ಹೊಟ್ಟೆ ತುಂಬಿತು. ಬೆಳಿಗ್ಗೆ ಎದ್ದವಳು ಮುಖ ತೊಳೆಯುವ ಮೊದಲು ಹೋಗಿ ಬೆರಳು ಇಟ್ಟು ನೋಡಿದೆ. ಬೆರಳು ಅಂಟಿಕೊಂಡಿತು.

ಸೋನೆ ಮಳೆ ಹಿಡಿದಿತ್ತು. ಬಿಸಿಲು ಮುಖ ತೋರಿಸಲೇ ಇಲ್ಲ. ಬಣ್ಣಕ್ಕೆ ನೊಣ ಅಂಟಿದವು, ಕೋಳಿಯ ಪುಕ್ಕ ಅಂಟಿತು, ನನ್ನ ಸೆರಗೂ ಅಂಟಿತು. ಒಣಗಿತಾ ಎಂದು ಅತ್ತೆ ಜಗುಲಿಯಿಂದ ದಿನವೂ ಕೇಳುತ್ತಿದ್ದರು. ಇನ್ನೂ ಇಲ್ಲ ಎಂದರೆ ಸುಮ್ಮನಾಗುತ್ತಿದ್ದರು. ಅವರು ಕೇಳುತ್ತಿದ್ದದ್ದು ಬಣ್ಣದ ವಿಚಾರವಲ್ಲ ಎಂದು ನನಗೂ ಗೊತ್ತಿತ್ತು, ಯಜಮಾನರಿಗೂ ಗೊತ್ತಿತ್ತು.

ಯಜಮಾನರಿಗೆ ತಡೆಯಲಾಗಲಿಲ್ಲವೆಂದು ಕಾಣುತ್ತದೆ. ನಮ್ಮ ಕಡೆಯವರಿಗೆ ಒಂದು ಚಾಳಿಯಿದೆ. ಮಳೆಗಾಲದಲ್ಲಿ ಒಣಗದಿದ್ದದ್ದು ಏನೇ ಇರಲಿ, ಬ್ಯಾರನ್ನಿಗೆ ಹಾಕುವುದು. ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಕೋಣೆ. ಹೊರಗಡೆ ಒಲೆ ಉರಿಸಿದರೆ ಒಳಗಿನ ಕೊಳವೆಗಳು ಕಾದು ಸೊಪ್ಪು ಒಣಗುತ್ತದೆ. ಮಕ್ಕಳ ಯೂನಿಫಾರ್ಮು, ಮೆಣಸಿನಕಾಯಿ, ನೆಂದ ಕಂಬಳಿ, ಎಲ್ಲವೂ ಅಲ್ಲಿಗೆ ಹೋಗಿ ಬಂದಿವೆ. ಆವತ್ತು ಬೆಂದ ಸೊಪ್ಪು ಇಳಿಸಿ ಬ್ಯಾರನ್ ಖಾಲಿಯಿತ್ತು, ಬಿಸಿ ಆರಿರಲಿಲ್ಲ. ನಾನು ಸಂತೆಗೆ ಹೋಗಿದ್ದಾಗ ಯಜಮಾನರು ಬಾಗಿಲುಗಳನ್ನೆಲ್ಲ ಹೊತ್ತು ಒಳಗೆ ನಿಲ್ಲಿಸಿದ್ದಾರೆ. ಅಷ್ಟಕ್ಕೇ ಬಿಟ್ಟಿದ್ದರೆ ಬೇರೆ ಮಾತು. ಇನ್ನೊಂದಿಷ್ಟು ಸೌದೆಯನ್ನೂ ಒಟ್ಟಿದ್ದಾರೆ.

ನಾನು ಬರುವ ಹೊತ್ತಿಗೆ ಬಾಗಿಲುಗಳು ಒಣಗಿದ್ದವು. ಬಣ್ಣವೆಲ್ಲ ಕೆನೆಗಟ್ಟಿದ ಹಾಲಿನ ಹಾಗೆ ಸುಕ್ಕುಸುಕ್ಕಾಗಿ, ಕೆಲವು ಕಡೆ ಗುಳ್ಳೆ ಎದ್ದು, ಎರಡು ಮೂರು ಬಾಗಿಲು ಸೊಟ್ಟ ತಿರುಗಿದ್ದವು. ನಾನು ಕೂಗಾಡಿದ್ದನ್ನು ಪಕ್ಕದ ಹೊಲದವರೂ ಕೇಳಿಸಿಕೊಂಡರು. ಯಜಮಾನರು ತಲೆ ಕೆರೆದುಕೊಂಡು, "ಒಂಚೂರು ಬಿಸಿ ಜಾಸ್ತಿ ಆಯ್ತು ಕಣಮ್ಮಿ," ಎಂದರು. ಸೊಪ್ಪಾಗಿದ್ದರೆ ಹೀಗೆ ಬೇಯಿಸುತ್ತಿದ್ದರಾ ಎಂದು ಕೇಳಿದೆ. ಎಲ್ಲವನ್ನೂ ಕೆರೆದು ಮೊದಲಿನಿಂದ ಬಳಿಯುವ ತಾಳ್ಮೆ ನನಗಿರಲಿಲ್ಲ, ಅತ್ತೆಗೆ ಇನ್ನೂ ಕಾಯುವ ತ್ರಾಣ ಉಳಿದಿರಲಿಲ್ಲ. ಸುಕ್ಕು ಬಾಗಿಲುಗಳನ್ನೇ ಇಬ್ಬರೂ ಸೇರಿ ಕೂರಿಸಿದೆವು.

ಕರೆಯುವ ಮುಂಚೆಯೇ ಅತ್ತೆ ಗೋಡೆ ಹಿಡಿದುಕೊಂಡು ಒಳಗೆ ಬಂದರು. ಒಲೆಯ ಪಕ್ಕದ ಕಪಾಟಿನ ಎದುರು ನಿಂತು ಕೈ ಚಾಚಿದರು. ಕೈ ಹೋಗಿದ್ದು ಕಪಾಟಿಗಲ್ಲ, ಒಂದು ಗೇಣು ಆಚೆಯ ಗೋಡೆಗೆ. ಕಿಟಕಿ ತೆರೆದಿತ್ತು, ಬೆಳಕಿತ್ತು, ಬಾಗಿಲು ಹಳದಿಯಾಗಿ ಕಣ್ಣು ಕುಕ್ಕುತ್ತಿತ್ತು. ಗೋಡೆ ಸವರುತ್ತಾ ಸವರುತ್ತಾ ಬಂದ ಬೆರಳು ಸುಕ್ಕಿಗೆ ಸಿಕ್ಕಿ ನಿಂತಿತು. ಅಲ್ಲಿಯೇ ಹಿಂದಕ್ಕೆ ಮುಂದಕ್ಕೆ ಆಡಿಸಿದರು.

"ಯಾವ ಬಣ್ಣ ಬಳ್ದಿದ್ದೀಯವ್ವ?" ಎಂದು ಕೇಳಿದರು.

ಮುಚ್ಚಳದ ಮೇಲೆ ಸವರಿ ತೋರಿಸಿದ್ದೆನಲ್ಲ ಎನ್ನುವ ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಆವತ್ತೂ ಅವರಿಗೆ ಕಂಡಿರಲಿಲ್ಲ. ನನ್ನ ಮನಸ್ಸು ನೋಯಿಸಬಾರದೆಂದೋ, ತಮ್ಮ ಗುಟ್ಟು ಬಯಲಾಗಬಾರದೆಂದೋ ಒಳ್ಳೆ ಬಣ್ಣ ಎಂದಿದ್ದರು. ಅಳು ಬಂತು. ಹಳದಿ ಎಂದಷ್ಟೇ ಹೇಳಿದೆ.

ಯಜಮಾನರು ಅಡುಗೆಮನೆಯ ಬಾಗಿಲಿಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದರು. ಮಗ ಅಲ್ಲಿದ್ದಾನೆಂದು ಅತ್ತೆಗೆ ಹೇಗೋ ತಿಳಿದಿತ್ತು. ಮಗನ ಕಡೆಗೆ, ಮಗನಿಂದ ಸ್ವಲ್ಪ ಪಕ್ಕಕ್ಕೆ, ತಿರುಗಿದರು.

"ಕಣ್ಣು ಕಾಣಾಕಿಲ್ಲ ಕಣ್ ಮಗ. ಒಲೆ ಬುಡ್ಸ್‌ಬುಟ್ಟೀರಿ ಅಂತ ಕಾಣ್ತದೆ ಕಾಣ್ತದೆ ಅಂತಿದ್ದೆ. ಇನ್ಮೇಲೆ ಸುಳ್ಳು ಹೇಳಾಕಿಲ್ಲ, ಗೊತ್ತಾಗದ್ದ ಕೇಳ್ತೀನಿ. ಒಲೆ ಒಂದ ಬುಡುಸ್ಬ್ಯಾಡ."

ಬಣ್ಣ ಬಳಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ನಂಬಿದ್ದೆ. ಒಲೆ ತಪ್ಪಿಹೋಗುವ ಭಯದಲ್ಲಿ ಅವರು ಒಬ್ಬರೇ ಎಷ್ಟು ದಿನ ಬೆಂದಿರಬೇಕು ಎಂಬುದು ಆಗ ಅರ್ಥವಾಯಿತು. ಕಾಣದಿರುವುದಕ್ಕಿಂತ ಕಾಣುವಂತೆ ನಟಿಸಿದ್ದೇ ಅವರನ್ನು ಎಡವಿಸಿತ್ತು.

ಯಜಮಾನರು ಒಳಗೆ ಬಂದು, ತೆರೆದಿದ್ದ ಬಾಗಿಲುಗಳನ್ನು ಒಂದೊಂದಾಗಿ, ಸದ್ದು ಕೇಳುವ ಹಾಗೆ ಮುಚ್ಚಿದರು. ಸೊಟ್ಟಗಾಗಿದ್ದವನ್ನು ಮಂಡಿಯಲ್ಲಿ ಒತ್ತಿ ಕೂರಿಸಿದರು.

"ಎಲ್ಲಾನೂ ಮುಚ್ಚಿವ್ನಿ ಕಣವ್ವ. ಅಡ್ಗೆ ಮಾಡು," ಎಂದು ಹೊರಗೆ ಹೋದರು.

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಕಪಾಟು ತೆರೆದು, ಇದರಲ್ಲಿ ಉಪ್ಪಿನ ಡಬ್ಬಿ ಯಾವುದು ಎಂದು ನನ್ನನ್ನು ಕೇಳಿದರು. ನಾನು ಈ ಮನೆಗೆ ಬಂದಮೇಲೆ ಅಡುಗೆ ಮಾಡುವಾಗ ಅವರು ತಮಗೆ ಗೊತ್ತಾಗಲಿಲ್ಲವೆಂದು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.