ಕಿವಿಯಿಟ್ಟು ರಿಪೇರಿ ಮಾಡುವವರು

ನಮ್ಮ ಯಜಮಾನರು ಮೋಟಾರು ರಿಪೇರಿ ಮಾಡುವ ರೀತಿಯೇ ಬೇರೆ. ಬಿಚ್ಚುವ ಮೊದಲು ಅದನ್ನು ಚಾಲೂ ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡು ಕಣ್ಣು ಮುಚ್ಚುತ್ತಿದ್ದರು. ಒಂದು ನಿಮಿಷ ಬಿಟ್ಟು ಹಿಂದಿನ ಬೇರಿಂಗ್ ಹೋಗಿದೆ ಅನ್ನುತ್ತಿದ್ದರು. ಬಿಚ್ಚಿ ನೋಡಿದರೆ ಹಿಂದಿನ ಬೇರಿಂಗೇ ಹೋಗಿರುತ್ತಿತ್ತು. ಮೂವತ್ತು ವರ್ಷ ಹೀಗೇ ನಡೆಯಿತು. ಬೀದಿಯವರು ಇವರಿಗೆ ಕಿವಿ ಡಾಕ್ಟರು ಎಂದು ಹೆಸರಿಟ್ಟಿದ್ದರು. ಆ ಹೆಸರು ನಂಬಿ ಒಬ್ಬರು ನಿಜವಾಗಿಯೂ ಕಿವಿನೋವು ಎಂದು ನಮ್ಮ ಮನೆಯ ಮುಂದಿನ ಕೋಣೆಯ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತಿದ್ದರು.

ಈಚೆಗೆ ಮೋಟಾರು ಕೆಟ್ಟರೆ ಯಾರೂ ರಿಪೇರಿಗೆ ತರುವುದಿಲ್ಲ, ಬಿಸಾಕಿ ಹೊಸದು ತರುತ್ತಾರೆ. ಹಾಗಾಗಿ ಇವರು ಐವತ್ತೆರಡನೇ ವಯಸ್ಸಿನಲ್ಲಿ ಫೋನಿನಿಂದ ಹತ್ತಿಸುವ, ಆರಿಸುವ ದೀಪಗಳ ಕೆಲಸ ಕಲಿತರು. ಗಿರಾಕಿಗಳ ಫೋನು ಎತ್ತುವುದು, ವಿಳಾಸ ಬರೆದುಕೊಳ್ಳುವುದು ಎಲ್ಲ ನನ್ನ ತಲೆಗೆ ಕಟ್ಟಿದರು. ಯಾಕೆ ಅಂತ ಕೇಳಿದರೆ, ನಿನ್ನ ಅಕ್ಷರ ಚೆನ್ನಾಗಿದೆ ಅಂದರು. ನಾನೂ ಹಿಗ್ಗಿ ಒಪ್ಪಿಕೊಂಡೆ, ದಡ್ಡಿ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಮುಚ್ಚಿಡುವುದೇನಿದೆ. ಎರಡು ವರ್ಷದಿಂದ ಇವರು ನನ್ನ ಮಾತಿಗೆ ಓಗೊಡುವುದನ್ನೇ ಬಿಟ್ಟಿದ್ದರು. ಅಡುಗೆಮನೆಯಿಂದ ಮೂರು ಸಲ ಕರೆದರೂ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಎದುರಿಗೆ ಹೋಗಿ ನಿಂತರೆ ನನ್ನ ಕಣ್ಣು ತಪ್ಪಿಸಿ ಗಲ್ಲದ ಕಡೆ ನೋಡುತ್ತಿದ್ದರು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿ ಈಗ ಹೆಂಡತಿಯ ದನಿಯೇ ಬೇಸರವಾಯಿತೇನೋ ಅಂದುಕೊಂಡೆ. ನಾನೇನು ಕಡಿಮೆಯೇ? ನಾನೂ ಪಟ್ಟು ಹಿಡಿದೆ. ಬೇಕಾದಷ್ಟೇ ಮಾತು, ಉಳಿದ ಹೊತ್ತು ಪಾತ್ರೆಗಳ ಸದ್ದು.

ಹೀಗಿರುವಾಗ ಹೊಲಿಗೆಯವಳ ಕೆಲಸ ಬಂತು. ಮೂರು ಬೀದಿ ಆಚೆ, ಬೀಗ ಹಾಕಿದ ಗೋದಾಮಿನ ಮಹಡಿ ಮೇಲೆ ಮನೆ. ಅವಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು. ಪ್ರೆಸ್ಸಿನಲ್ಲಿ ಕೆಲಸ ಮಾಡುವ ಗಂಡನಿಗೂ ಕೇಳಿಸದು. ಏಳು ತಿಂಗಳ ಹೆಣ್ಣುಮಗುವಿಗೆ ಮಾತ್ರ ಚೆನ್ನಾಗಿ ಕೇಳಿಸುತ್ತದೆ, ಗಂಟಲೂ ಜೋರಾಗಿದೆ. ಹೊಲಿಗೆ ಕೋಣೆಯ ನೂಲಿನ ಧೂಳಿಗೆ ಮಗು ಕೆಮ್ಮುತ್ತದೆಂದು ತೊಟ್ಟಿಲನ್ನು ಒಳಗಿನ ಕೋಣೆಯಲ್ಲಿ ಕಟ್ಟಿದ್ದರು. ಮಗು ಅತ್ತರೆ ಗೊತ್ತಾಗಬೇಕಲ್ಲ? ಅದಕ್ಕೇ ಈ ವ್ಯವಸ್ಥೆ: ತೊಟ್ಟಿಲ ಪಕ್ಕ ಅಳುವನ್ನು ಕೇಳಿಸಿಕೊಳ್ಳುವ ಒಂದು ಸಣ್ಣ ಬಿಲ್ಲೆ. ಅದು ಹಬ್ ಎಂಬ ಬಿಳಿ ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತದೆ. ಹಬ್ಬು ಎಲ್ಲ ಕೋಣೆಗಳ ದೀಪವನ್ನು ಮಿಣುಕಿಸುತ್ತದೆ. ಹಬ್ಬಿನ ಮೈಮೇಲೆ ನೀಲಿ ಚುಕ್ಕೆ ಇದ್ದರೆ ಸಂಪರ್ಕ ಇದೆ ಎಂದರ್ಥ, ಕೆಂಪಾದರೆ ಕಡಿದುಹೋಗಿದೆ.

ಅದು ದಿನಾ ಕೆಂಪಾಗುತ್ತಿತ್ತು. ಯಾವಾಗ ಅಂತ ಅವಳಿಗೂ ಹೇಳಲಾಗುತ್ತಿರಲಿಲ್ಲ. ಬಟ್ಟೆಯಿಂದ ತಲೆಯೆತ್ತಿ ನೋಡಿದರೆ ಕೆಂಪು, ಅಷ್ಟೇ. ಒಂದು ಮಧ್ಯಾಹ್ನ ಅವಳ ಅತ್ತೆ ಬಂದಾಗ ಮಗು ಅತ್ತೂ ಅತ್ತೂ ದನಿ ಬಿದ್ದುಹೋಗಿತ್ತು, ಇವಳು ಪಕ್ಕದ ಕೋಣೆಯಲ್ಲಿ ಬೆನ್ನು ತಿರುಗಿಸಿ ಕೂತು ಕೈಯಲ್ಲಿ ಗುಂಡಿ ಹೊಲಿಯುತ್ತಿದ್ದಳು. ಅತ್ತೆ ಕೆಟ್ಟವರಲ್ಲ. ಮಗುವನ್ನು ಎತ್ತಿಕೊಂಡು ತಾವೂ ಅತ್ತರಂತೆ. ಆಮೇಲೆ ಒಂದೇ ಮಾತು ಹೇಳಿದರು: ಬರುವ ಭಾನುವಾರದೊಳಗೆ ಈ ದೀಪ ನಂಬುವ ಹಾಗೆ ಆಗದಿದ್ದರೆ, ಮಗು ಮಾತು ಕಲಿಯುವ ತನಕ ದೊಡ್ಡ ಮಗನ ಮನೆಯಲ್ಲಿ, ತಮ್ಮ ಹತ್ತಿರ ಇರಲಿ. ಗಂಡ ತಲೆ ತಗ್ಗಿಸಿ ಒಪ್ಪಿಕೊಂಡಿದ್ದ. ಇದನ್ನೆಲ್ಲ ಹೊಲಿಗೆಯವಳು ಒಂದು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಳಂತೆ. ಅವಳಿಗೂ ಇವರಿಗೂ ಮಾತುಕತೆಯೆಲ್ಲ ಆ ನೋಟ್‌ಬುಕ್ಕಿನಲ್ಲೇ.

ಇವರು ಸೋಮವಾರ ಹೋದರು. ಇಂಟರ್ನೆಟ್ಟಿನ ರೂಟರನ್ನು ಕಪಾಟಿನ ಮೇಲಿಂದ ಇಳಿಸಿ ಬೇರೆ ಕಡೆ ಇಟ್ಟರು. ಬುಧವಾರ ಹೋಗಿ ಹಬ್ಬಿನ ಅಡಾಪ್ಟರ್ ಬದಲಿಸಿದರು. ಗುರುವಾರ ಹಬ್ಬನ್ನೇ ಬದಲಿಸಿದರು. ಇವರು ಕೂತಿರುವ ತನಕ ನೀಲಿ ಚುಕ್ಕೆ ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ಮನೆಗೆ ಬಂದು ಕೈ ತೊಳೆಯುವಷ್ಟರಲ್ಲಿ ಅವಳ ಮೆಸೇಜು: ಮತ್ತೆ ಕೆಂಪು. ಮೋಟಾರಿನ ಹೊಲಿಗೆ ಮೆಷಿನ್ ಮೇಲೂ ಅನುಮಾನ ಬಂದು ಮೊದಲ ದಿನವೇ ಅದನ್ನು ಒಂದು ನಿಮಿಷ ಓಡಿಸಿ, ಸ್ಕ್ರೂಡ್ರೈವರ್ ಕಿವಿಗೆ ಹಚ್ಚಿ ನೋಡಿದ್ದರು. ಮೆಷಿನ್ ಸರಿಯಿದೆ ಎಂದು, ಅನುಮಾನಗಳನ್ನು ಬರೆದುಕೊಂಡಿದ್ದ ಚೀಟಿಯಲ್ಲಿ ಅದನ್ನು ಹೊಡೆದುಹಾಕಿದ್ದರು. ಗುರುವಾರ ರಾತ್ರಿ ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದರು, ಬಾಯಿಗಿಡಲಿಲ್ಲ. ಕೇಳಿದರೆ ಒಂದೇ ಮಾತು, ಭಾನುವಾರಕ್ಕೆ ಮಗೂನ ಕರ್ಕೊಂಡು ಹೋಗ್ತಾರೆ ಅಂತ.

ಶುಕ್ರವಾರ ಇಡೀ ದಿನ ಅಲ್ಲೇ ಕೂರುತ್ತೇನೆಂದು ಹೊರಟರು. ಹೊರಡುವ ಅವಸರದಲ್ಲಿ ಊಟದ ಡಬ್ಬಿ ಮರೆತರು. ಡಬ್ಬಿ ತಗೊಂಡು ಹೋಗಿ ಅಂತ ನಾನು ಬಾಗಿಲಲ್ಲಿ ಕೂಗಿದೆ, ಇವರು ತಿರುಗಿ ಕೂಡ ನೋಡಲಿಲ್ಲ. ಉಪವಾಸ ಬೀಳಲಿ ಎಂದು ಒಳಗೆ ಬಂದೆ. ಹನ್ನೆರಡಕ್ಕೆ ಮನಸ್ಸು ತಡೆಯಲಿಲ್ಲ. ಡಬ್ಬಿ ಹಿಡಿದು, ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತ ಹೊರಟೆ.

ಮೆಟ್ಟಿಲ ಹತ್ತಿರ ಬಂದಾಗಲೇ ಸದ್ದು ಕೇಳಿಸಿತು. ಕರ್ಕಶ ಅಂದರೆ ಅಷ್ಟಿಷ್ಟಲ್ಲ. ತಗಡಿನ ಮೇಲೆ ಮೊಳೆ ಎಳೆದ ಹಾಗೆ, ನಡುನಡುವೆ ಚಟಚಟ ಎಂದು ಕಿಡಿ ಹಾರುವ ಸದ್ದು. ಹಲ್ಲು ಜುಮ್ಮೆಂದಿತು. ಬಾಗಿಲು ತೆರೆದಿತ್ತು. ಒಳಗೆ ನೋಡಿದರೆ ಹೊಲಿಗೆಯವಳು ಶಾಂತವಾಗಿ ಪರದೆಗೆ ಅಂಚು ಹೊಲಿಯುತ್ತಿದ್ದಾಳೆ. ಅವಳಿಂದ ಎರಡು ಮಾರು ದೂರದಲ್ಲಿ ಇವರು ಬೆನ್ನು ತಿರುಗಿಸಿ ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ಏನೋ ಅಳೆಯುತ್ತಿದ್ದಾರೆ. ಹಬ್ಬಿನ ಚುಕ್ಕೆ ಕೆಂಪಾಗಿತ್ತು. ಕಿವಿ ಹರಿದುಹೋಗುವಂಥ ಆ ಸದ್ದಿನಲ್ಲಿ ಇಬ್ಬರ ಮುಖದಲ್ಲೂ ಒಂದು ಗೆರೆ ಕೂಡ ಅಲುಗಿರಲಿಲ್ಲ.

"ರೀ, ಮೆಷಿನ್ ಹೀಗೆ ಕಿರುಚ್ತಾ ಇದೆಯಲ್ಲ, ನಿಮಗೆ ಕೇಳಿಸ್ತಾ ಇಲ್ವಾ?"

ಇವರು ತಿರುಗಲಿಲ್ಲ. ನನ್ನ ನೆರಳು ಬಟ್ಟೆಯ ಮೇಲೆ ಬಿದ್ದದ್ದು ನೋಡಿ ಹೊಲಿಗೆಯವಳು ಕಾಲು ತೆಗೆದಳು. ಸದ್ದು ಥಟ್ಟನೆ ನಿಂತಿತು. ಅದು ನಿಂತದ್ದೂ ಇವರಿಗೆ ತಿಳಿಯಲಿಲ್ಲ. ಹೋಗಿ ಭುಜ ಮುಟ್ಟಿದೆ. ಬೆಚ್ಚಿ ತಿರುಗಿದರು.

"ಮೆಷಿನ್ ಕಿರುಚ್ತಿತ್ತು ಅಂದೆ," ಅಂದೆ.

"ಯಾವ ಮೆಷಿನ್?" ಅಂದವರು ನನ್ನ ಗಲ್ಲದ ಕಡೆ ನೋಡಿದರು. ಗಲ್ಲವಲ್ಲ, ತುಟಿ. ಇವರು ಎರಡು ವರ್ಷದಿಂದ ನೋಡುತ್ತಿದ್ದದ್ದು ನನ್ನ ತುಟಿಯನ್ನು.

ಹೊಲಿಗೆಯವಳು ನಮ್ಮಿಬ್ಬರನ್ನೂ ನೋಡಿದಳು. ಅವಳಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಮೇಜಿನ ಮೇಲೆ ನೋಟ್‌ಬುಕ್ ತೆರೆದೇ ಇತ್ತು. ಅವಳು ಅದನ್ನು ಮುಚ್ಚಲು ಕೈ ಚಾಚಿದಳು, ಅಷ್ಟರಲ್ಲಿ ನಾನು ಓದಿಬಿಟ್ಟಿದ್ದೆ. ದೀಪ, ರೂಟರ್, ಅಡಾಪ್ಟರ್ ಎಂಬ ಸಾಲುಗಳ ಕೆಳಗೆ ಅವಳ ದುಂಡು ಅಕ್ಷರ: ನಿಮಗೆ ಎಷ್ಟು ದಿನದಿಂದ ಕೇಳಿಸ್ತಿಲ್ಲ? ಅದರ ಕೆಳಗೆ ಇವರ ಓರೆ ಅಕ್ಷರ: ಎರಡು ವರ್ಷ. ಸಣ್ಣ ಸದ್ದು, ಕೀರಲು ಸದ್ದು ಏನೂ ಕೇಳಿಸಲ್ಲ. ಮನೆಯವಳಿಗೆ ಗೊತ್ತಿಲ್ಲ.

ಮೂರು ಭೇಟಿಯಲ್ಲಿ ಅವಳಿಗೆ ಗೊತ್ತಾದದ್ದು ನನಗೆ ಎರಡು ವರ್ಷ ಗೊತ್ತಾಗಲಿಲ್ಲ. ಹೊಟ್ಟೆಕಿಚ್ಚೂ ಆಯಿತು, ಅಳುವೂ ಬಂತು. ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು, ಮೊದಲು ಮೆಷಿನ್ ನೋಡಿ ಅಂದೆ. ಮಗು ಮುಖ್ಯ, ನಮ್ಮದು ಆಮೇಲೆ.

ಮೋಟಾರು ಬಿಚ್ಚಿದರು. ಒಳಗೆ ವಿದ್ಯುತ್ತು ದಾಟಿಸುವ ಕಾರ್ಬನ್ ತುಂಡುಗಳು ಸವೆದು ಸವೆದು ಕಾಳಿನಷ್ಟಾಗಿದ್ದವು. ಮೋಟಾರು ನಾಲ್ಕೈದು ನಿಮಿಷ ಓಡಿ ಬಿಸಿಯಾದರೆ ಕಿಡಿ ಹಾರಿಸುತ್ತಿತ್ತು, ಅದೇ ಸ್ವಿಚ್ ಬೋರ್ಡಿಗೆ ಚುಚ್ಚಿದ್ದ ಹಬ್ಬು ಆ ಕಿಡಿಗೆ ತತ್ತರಿಸಿ ಸಂಪರ್ಕ ಬಿಡುತ್ತಿತ್ತು. ಹೊಸ ಹಬ್ಬಿಗೂ ಅದೇ ಗತಿ. ಅವಳಿಗೆ ಕಿಡಿಯ ಸದ್ದು ಕೇಳಿಸದು. ಯಾರಾದರೂ ಬಂದರೆ, ಅತ್ತೆಯಾಗಲಿ ಗಿರಾಕಿಯಾಗಲಿ ಇವರಾಗಲಿ, ಅವಳು ಮರ್ಯಾದೆಗೆ ಮೆಷಿನ್ ನಿಲ್ಲಿಸಿ ಎದ್ದು ನಿಲ್ಲುತ್ತಿದ್ದಳು, ಮಾತಾಡುವವರ ಮುಖ ನೋಡಬೇಕಲ್ಲ. ಇವರು ಇಡೀ ದಿನ ಕೂರುತ್ತಾರೆಂದು ಆ ಶುಕ್ರವಾರ ಮಾತ್ರ ಹೊಲಿಯಲು ಕೂತಿದ್ದಳು. ಹೀಗೆ ಆ ಮೆಷಿನ್ ಅಷ್ಟು ದಿನ ಕಿರುಚಿದ್ದನ್ನು ಮಗುವಿನ ಹೊರತು ಯಾರೊಬ್ಬರೂ ಕೇಳಿರಲಿಲ್ಲ.

ಹೊಸ ಕಾರ್ಬನ್ ಹಾಕಿ, ಹಬ್ಬನ್ನು ದೂರದ ಬೇರೆ ಪ್ಲಗ್ಗಿಗೆ ಚುಚ್ಚಿದರು. ಆಮೇಲೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು. ಕಿವಿಯ ತನಕ ಒಯ್ದು, ತಡೆದು, ಅದರ ಹಿಡಿಯನ್ನು ನನ್ನ ಕಡೆ ಚಾಚಿದರು.

"ನೀನು ಕೇಳಿ ಹೇಳು," ಅಂದರು.

ನಾನು ಮೋಟಾರಿಗೆ ಒತ್ತಿ ಕಿವಿ ಕೊಟ್ಟೆ. ಇನ್ನೂ ಸ್ವಲ್ಪ ಚಟಚಟ ಇದೆ ಅಂದೆ. ಬಿಚ್ಚಿ ಕಾರ್ಬನ್ನಿನ ತುದಿ ಉಜ್ಜಿದರು. ಈಗ ಕಡಿಮೆ ಅಂದೆ. ಮತ್ತೆ ಉಜ್ಜಿದರು. ಈಗ ಇಲ್ಲ ಅಂದಾಗ ಇವರ ಕಣ್ಣು ತುಂಬಿತ್ತು.

ಮನೆಗೆ ನಡೆದು ಬರುವಾಗ ಬೀದಿಯ ತಿರುವಿನಲ್ಲಿ ನಿಲ್ಲಿಸಿ, ಎದುರಿಗೆ ನಿಂತು ಕೇಳಿದೆ, ಯಾಕೆ ಹೇಳಲಿಲ್ಲ ಅಂತ. "ಜನ ನನ್ನ ಹತ್ರ ಬರ್ತಿದ್ದದ್ದೇ ಈ ಕಿವಿಗೆ. ಅದೂ ಹೋಯ್ತು ಅಂತ ಹೇಗೆ ಹೇಳ್ಲಿ ನಿನಗೆ?" ಅಂದರು. ನಾನು ಇವರ ಹತ್ತಿರ ಬಂದದ್ದು ಕಿವಿ ನೋಡಿ ಅಲ್ಲ ಎಂದು ಹೇಳಬೇಕೆನಿಸಿತು. ಬಾಯಿಗೆ ಬಂದದ್ದು ಬೇರೆ.

"ಹಾಗಾದ್ರೆ ಎರಡು ವರ್ಷ ನಾನು ಬೈದಿದ್ದೆಲ್ಲ ದಂಡನಾ?"

"ಅರ್ಧ ಕೇಳಿಸ್ತಿತ್ತು," ಅಂದರು.

ಭಾನುವಾರ ಅತ್ತೆ ಬಟ್ಟೆಯ ಚೀಲ ಸಮೇತ ಬಂದರು. ನಾವೂ ಹೋಗಿದ್ದೆವು. ಇವತ್ತು ಎದ್ದು ನಿಲ್ಲಬೇಡ, ಹೊಲಿಯುತ್ತಲೇ ಇರು ಎಂದು ಇವರು ಅವಳಿಗೆ ಬರೆದು ತೋರಿಸಿದ್ದರು. ಅವಳು ಮುಕ್ಕಾಲು ಗಂಟೆ ಎಡೆಬಿಡದೆ ಹೊಲಿದಳು. ಅತ್ತೆ ಮಗುವಿನ ಅಂಗಿಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ಹಾಕುತ್ತಿದ್ದರು. ಎಲ್ಲರ ಕಣ್ಣೂ ನೀಲಿ ಚುಕ್ಕೆಯ ಮೇಲೆ. ಒಳಗೆ ಮಗು ಎದ್ದು ರಾಗ ತೆಗೆಯಿತು. ಅದೇ ಕ್ಷಣ ಮೂರು ಕೋಣೆಗಳಲ್ಲೂ ದೀಪ ಮಿಣುಕಿತು. ಅತ್ತೆ ಮಂಡಿ ಹಿಡಿದುಕೊಂಡು ಏಳುವಷ್ಟರಲ್ಲಿ ಹೊಲಿಗೆಯವಳು ಮಗುವನ್ನು ಎದೆಗೊತ್ತಿಕೊಂಡು ಹೊರಗೆ ಬಂದಿದ್ದಳು. ಅತ್ತೆ ಮತ್ತೆ ಕೂತು, ಮಡಚಿದ ಅಂಗಿಗಳನ್ನು ಚೀಲದಿಂದ ತೆಗೆದು ಕಪಾಟಿನಲ್ಲಿ ಜೋಡಿಸತೊಡಗಿದರು.

ಹೊರಡುವಾಗ ಹೊಲಿಗೆಯವಳು ನನ್ನ ಕೈಗೆ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ ಕೊಟ್ಟಳು. ಹಿಂದಿನಿಂದ ಕರೆಯಬೇಡಿ, ಎದುರಿಗೆ ಬಂದು ಮಾತಾಡಿ, ಬೆಳಕು ನಿಮ್ಮ ಮುಖದ ಮೇಲಿರಲಿ ಎಂದು ಬರೆದಿದ್ದಳು.

ಆ ವಾರವೇ ಇವರು ಅಂಗಡಿಯ ಮೇಜಿನ ಮೇಲೆ ಅಂಥದೇ ಒಂದು ದೀಪ ಹಾಕಿ, ಅದರ ಗುಂಡಿಯನ್ನು ಅಡುಗೆಮನೆಯ ಗೋಡೆಗೆ ಕೂರಿಸಿದರು. ಕಿವಿಯ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದೆ. ಕಿವಿಗೆ ಹಾಕುವ ಮೆಷಿನ್ ಇನ್ನಷ್ಟೇ ಬರಬೇಕು. ದೀಪ ಹಾಕಿದ ದಿನ ನಾನು ಗುಂಡಿ ಒತ್ತಿ ಅಡುಗೆಮನೆ ಬಾಗಿಲಿಂದ ಇಣುಕಿದೆ. ದೀಪ ಎರಡು ಸಲ ಮಿಣುಕಿತು. ಇವರು ಕೆಲಸ ಬಿಟ್ಟು ಥಟ್ಟನೆ ನನ್ನ ಕಡೆ ತಿರುಗಿ, ಏನು ಅಂದರು. ನಾನು ಮುಖಕ್ಕೆ ಬೆಳಕು ಬೀಳುವ ಹಾಗೆ ಒಂದು ಹೆಜ್ಜೆ ಮುಂದೆ ಬಂದು, ನಿಧಾನವಾಗಿ, ಏನಿಲ್ಲ, ಸುಮ್ಮನೆ ಕರೆದೆ ಅಂದೆ.