ಸಿಸ್ಟೀನ್ ಚಾಪೆಲ್‌ನಲ್ಲೊಂದು ಪಿಸುಮಾತು

ತಲೆಯ ಮೇಲೆ ನೂರಾರು ಜನ, ಎಷ್ಟೋ ಜನರ ಮೈಮೇಲೆ ಬಟ್ಟೆಯಿಲ್ಲ. ಕೆಳಗೆ, ತಲೆಗೆ ದುಪಟ್ಟಾ ಹೊದ್ದು, ಕೈಯಲ್ಲಿ ಚಪ್ಪಲಿ ಹಿಡಿದು ನಿಂತ ನಾನು. ರೋಮ್‌ನ ಆ ಚಾಪೆಲ್‌ನಲ್ಲಿ, ಅಂದರೆ ಪೋಪರ ಪ್ರಾರ್ಥನಾ ಮಂದಿರದಲ್ಲಿ, ಜನ ಚಾವಣಿಯ ಚಿತ್ರಗಳನ್ನು ಬಿಟ್ಟು ನನ್ನನ್ನೇ ನೋಡತೊಡಗಿದರು. ಕಾವಲುಗಾರ ನನ್ನ ಬರಿಗಾಲು ಕಂಡು "ಸ್ಕಾರ್ಪೆ! ಸ್ಕಾರ್ಪೆ!" ಎಂದು ಗದರಿದ. ಸ್ಕಾರ್ಪೆ ಎಂದರೆ ಪಾದರಕ್ಷೆ ಎಂದು ಆಮೇಲೆ ತಿಳಿಯಿತು.

ನೀವು ನಗಬಹುದು. ಆದರೆ ಇದು ಮಸ್ಕತ್ ಕಲಿಸಿದ ತಪ್ಪು. ಅಲ್ಲಿ ನಾವಿರುವ ದಾರ್ಸೈಟ್ ಬಡಾವಣೆಯ ಕೃಷ್ಣ ದೇವಸ್ಥಾನಕ್ಕೆ ಹೋದರೂ ಚಪ್ಪಲಿ ಹೊರಗೆ, ದೊಡ್ಡ ಮಸೀದಿ ನೋಡಲು ಹೋದರೂ ಹೊರಗೆ. ಮಸೀದಿಯಲ್ಲಿ ಹೆಂಗಸರು ತಲೆಯನ್ನೂ ಮುಚ್ಚಬೇಕು. ಮೈಸೂರು ಬಿಟ್ಟು ಅಲ್ಲಿ ಸಂಸಾರ ಹೂಡಿದ ಮೇಲೆ, ದೇವರ ಜಾಗವೆಂದರೆ ನನ್ನ ಕಾಲೂ ತಲೆಯೂ ತಾವಾಗಿಯೇ ಸಿದ್ಧವಾಗುತ್ತವೆ.

"ಎಂಥದು ಮಾರಾಯ್ರೆ, ಚಪ್ಪಲಿ ತೆಗೆದದ್ದು ಯಾಕೆ?" ಲಿಲ್ಲಿ ಬಾಯಿ ನಗು ತಡೆದುಕೊಂಡು ಕೇಳಿದರು. ಅವರು ದಾರ್ಸೈಟ್‌ನಲ್ಲಿ ನಮ್ಮ ಮೇಲಿನ ಮಹಡಿಯವರು, ಮಂಗಳೂರು ಕಡೆಯ ಕ್ರೈಸ್ತರು. ಈ ಚಾಪೆಲ್ ನೋಡಬೇಕೆಂಬುದು ಅವರ ಬಹಳ ದಿನದ ಆಸೆ. ರಜೆಯಲ್ಲಿ ಜತೆಗೆ ನನ್ನನ್ನೂ ಮಗಳು ಇಂಚರಳನ್ನೂ ಹೊರಡಿಸಿದ್ದರು.

ಇಂಚರ ಹುಟ್ಟಿದ್ದು ಮಸ್ಕತ್‌ನಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ಇಂಗ್ಲಿಷು. ಮೈಸೂರಿನಿಂದ ನನ್ನ ಅಮ್ಮ ಫೋನಿನಲ್ಲಿ "ಊಟ ಆಯ್ತಾ ಪುಟ್ಟಿ?" ಎಂದರೆ "ಯೆಸ್ ಅಜ್ಜಿ, ಬೈ ಅಜ್ಜಿ." ಅಲ್ಲಿಗೆ ಖಲಾಸ್! ಮುಗಿಯಿತು ಎನ್ನಲು ಒಮಾನಿನಲ್ಲಿ ಎಲ್ಲರ ಬಾಯಲ್ಲೂ ಇರುವ ಅರಬ್ಬಿ ಪದ ಅದು. ಗದರಿದೆ, ಪುಸಲಾಯಿಸಿದೆ, ಚಾಕೊಲೇಟಿನ ಲಂಚ ಕೊಟ್ಟೆ. ಚಾಕೊಲೇಟು ಖಾಲಿಯಾಯಿತು. ಅಜ್ಜಿ ಮೊಮ್ಮಗಳ ನಡುವೆ ನಾನು ಬರೀ ದುಭಾಷಿಯಾಗಿ ಉಳಿದುಬಿಡುತ್ತೇನೇನೋ ಎಂದು ನಿಜಕ್ಕೂ ಭಯವಾಗಿತ್ತು.

ಚಪ್ಪಲಿ ಮೆಟ್ಟಿಕೊಂಡು ಕತ್ತೆತ್ತಿದೆ. ಗಾರೆ ಹಸಿಯಿದ್ದಾಗಲೇ ಬಣ್ಣ ಹಚ್ಚಬೇಕಂತೆ, ಒಣಗಿದರೆ ಹಿಡಿಯುವುದಿಲ್ಲವಂತೆ. ಅದಕ್ಕೇ ಈ ಚಿತ್ರಗಳಿಗೆ ಫ್ರೆಸ್ಕೊ, ಅಂದರೆ ತಾಜಾ, ಎಂಬ ಹೆಸರು. ಮಸ್ಕತ್‌ನ ಮಸೀದಿಯ ಗೋಡೆಗಳಲ್ಲಿ ಬಳ್ಳಿ, ಹೂವು, ಅಕ್ಷರಗಳಿವೆ, ಒಂದು ಮುಖವೂ ಇಲ್ಲ. ಇಲ್ಲಿ ಎತ್ತ ನೋಡಿದರೂ ಮುಖಗಳೇ. ಗಡ್ಡದ ದೇವರು ಗಾಳಿಯಲ್ಲಿ ತೇಲಿಬಂದು ಮೊದಲ ಮನುಷ್ಯನತ್ತ ಬೆರಳು ಚಾಚಿದ್ದಾನೆ, ಇನ್ನೂ ತಾಗಿಲ್ಲ. ಪಾಪ, ಕೈ ಎಷ್ಟು ನೋಯುತ್ತಿದೆಯೋ ಅನ್ನಿಸಿತು.

"ಮಮ್ಮಾ, ವೈ ಈಸ್ ಗಾಡ್ ಸೋ..." ಇಂಚರ ಜೋರಾಗಿಯೇ ಶುರುಮಾಡಿದಳು. ಪಕ್ಕದವರು ತಿರುಗಿ ನಕ್ಕರು. "ಸಿಲೆನ್ಸಿಯೊ!" ಎಂದ ಕಾವಲುಗಾರ, ಸದ್ದು ಬೇಡವೆಂದು. ಮಗಳ ಮುಖ ಕೆಂಪಾಯಿತು. ಇಲ್ಲಿ ಇಂಗ್ಲಿಷ್ ಎಲ್ಲರಿಗೂ ಗೊತ್ತೆಂದು ಹೊಳೆದಿರಬೇಕು. ನನ್ನ ದುಪಟ್ಟಾ ಎಳೆದು ಕಿವಿಗೆ ಬಾಯಿಟ್ಟಳು.

"ಅಮ್ಮಾ, ಈ ದೇವರಿಗೆ ಯಾಕೆ ವಯಸ್ಸಾಗಿದೆ? ನಮ್ ಕೃಷ್ಣಂಗೆ ಆಗೇ ಇಲ್ವಲ್ಲ?"

ಕನ್ನಡ! ಹೊಗಳಿದರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು, ಏನೂ ಆಗದವಳಂತೆ "ಲಿಲ್ಲಿ ಆಂಟೀನ ಕೇಳು" ಅಂದೆ. ಕೇಳಿದಳು, ಕನ್ನಡದಲ್ಲೇ.

"ನಮ್ಮಂಥವರನ್ನು ಸಾಕಿ ಸಾಕಿ ವಯಸ್ಸಾದದ್ದು ಮಗಾ" ಎಂದರು ಲಿಲ್ಲಿ ಬಾಯಿ. ಮೂವರೂ ಬಾಯಿ ಮುಚ್ಚಿಕೊಂಡು ನಕ್ಕೆವು.

ಆಮೇಲೆ ಅವಳ ಪಿಸುಮಾತು ನಿಲ್ಲಲೇ ಇಲ್ಲ. ಚಿತ್ರ ನೋಡುವುದು ಬಿಟ್ಟು ನಾನು ಅವಳ ಬಾಯನ್ನೇ ನೋಡುತ್ತಿದ್ದೆ. ಸಂಜೆಯೇ ಅಮ್ಮನಿಗೆ ಫೋನ್ ಹಚ್ಚಬೇಕು ಎಂದು ಮನಸ್ಸು ಮೈಸೂರಿಗೆ ಓಡಿತ್ತು. ಕೊನೆಗೆ ಇಂಚರ ದಣಿದು ನನಗೆ ಒರಗಿ, ಥೇಟ್ ನನ್ನ ಅಮ್ಮನ ರಾಗದಲ್ಲೇ ಹೇಳಿದಳು:

"ಸಾಕಮ್ಮಾ, ನಮ್ಮೂರಿಗೆ ಹೋಗೋಣ."

"ಯಾವೂರಿಗೆ ಪುಟ್ಟಿ?" ಆಸೆಯಿಂದ ಕೇಳಿದೆ.

"ದಾರ್ಸೈಟ್‌ಗೆ. ಇನ್ಯಾವೂರಿದೆ ನಮಗೆ?"