ಹಂಪಿಯಾಗ ನಾನು ಎತ್ತಿದ ಬಂಡೆ

ಸಂಡೂರಿನ ಗಣಿಯಾಗ ನಾನು ಅದಿರು ಹೊರೂದು ನೋಡಿ ಲಾರಿಗಳೇ ನಾಚಿಕೊಂಡು ಹಿಂದಕ್ಕ ಸರೀತಿದ್ದವು. ಸುಳ್ಳಲ್ರೀ. ಅದಕ್ಕ ಹೋದ ವರ್ಷ ಹಂಪಿಗೆ ಶೂಟಿಂಗಿಗೆ ಬಂದ ಸಿನಿಮಾದವರು ಸಾಮಾನು ಎತ್ತಾಕ ನನ್ನನ್ನೇ ಕರೆದರು.

"ಅಜ್ಜಾ, ಆ ಬಂಡೆ ಸ್ವಲ್ಪ ಈಚೆ ಇಡ್ರಿ" ಅಂದ ಸೆಟ್ ಹಾಕೋ ಮೇಸ್ತ್ರಿ, ನಾನು ಸಂಜಿಮುಂದ ಅಲ್ಲಿ ಕಾಲಿಟ್ಟಕೂಡಲೇ. ಎಮ್ಮಿಯಷ್ಟು ದಪ್ಪ ಇತ್ತು. ನಾನು ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ಎತ್ತಿದೆ. ಬಂಡೆ ತಲೆ ಮ್ಯಾಲಿಂದ ಹಾರಿ ಹಿಂದಕ್ಕ ಹೋತು, ನಾನೂ ಅದರ ಜೋಡಿ ಅಂಗಾತ ಬಿದ್ದೆ. ಥರ್ಮಾಕೋಲಿಗೆ ಬಣ್ಣ ಬಳಿದಿದ್ದರು!

"ಕಲ್ಲೇ ನಿಮ್ಮನ್ನ ಎತ್ತಿತಲ್ರೀ ಅಜ್ಜಾ!" ಅಂತ ಎಲ್ಲರೂ ನಕ್ಕರು.

ಡೈರೆಕ್ಟರ್ ಮಾತ್ರ ನಗಲಿಲ್ಲ. ಆ ಬಂಡೆಯನ್ನ ಹೀರೋ ಎತ್ತಬೇಕಿತ್ತು. "ತಲೆದಿಂಬು ಎತ್ತಿದಂಗ ಎತ್ತಬ್ಯಾಡಪ್ಪಾ, ಹೊತ್ತು ಮುಳುಗಿದ್ರ ಶಾಟ್ ಕೆಡತೈತಿ" ಅಂತ ಬೆಳಗಿನಿಂದ ಹೀರೋನ್ನ ಬೈದು ಬೈದು ಡೈರೆಕ್ಟರ್ ಗಂಟಲು ಒಣಗಿತ್ತು. ಈಗ ನನ್ನ ಕಡೆ ಓಡಿ ಬಂದ.

"ಯಜಮಾನ್ರ, ಇನ್ನೊಮ್ಮೆ ಎತ್ತಿ ಇವನಿಗೆ ತೋರಿಸ್ರಿ."

ಹಗುರ ಅಂತ ಈಗ ನನಗ ಗೊತ್ತಿತ್ತು. ಆದರೂ ಕಣ್ಣಿಗೆ ಬಂಡೆ ಕಂಡಕೂಡಲೇ ಮೊಣಕಾಲು ತಾವೇ ಬಾಗಿದವು, ಕುತ್ತಿಗೆಯ ನರ ಉಬ್ಬಿದವು, ಹಣೆ ಬೆವರಿತು. ಹೀರೋ ನೋಡಿ ನೋಡಿ ಹಂಗೇ ಮಾಡಿದ. ಹೊತ್ತು ಮುಳುಗೋದರೊಳಗ ಶಾಟ್ ಓಕೆ ಆತು.

"ಇಷ್ಟು ಚಲೋ ನಟನೆ ಎಲ್ಲಿ ಕಲಿತ್ರಿ?" ಅಂತ ಹೀರೋ ಕೇಳಿದ.

"ನಟನೆ ಮಾಡಿದ್ದು ಥರ್ಮಾಕೋಲಪ್ಪಾ. ನನ್ನ ಮೈ ಅದನ್ನ ನಂಬಿತು, ಅಷ್ಟೇ" ಅಂದೆ.

ಮನಿಯಾಗ ಮಾತ್ರ ಆ ಬಂಡೆ ಖರೇದು ಅಂತ ಹೇಳೀನಿ. ನೀವು ಬಾಯಿ ಬಿಡಬ್ಯಾಡ್ರಿ.